ಪಾಲಾರ್ ವಿಲಾಸದ ಹಿಂಬಾಗಿಲು

೧೯೬೧ನೇ ಇಸವಿ ಮಾರ್ಚ್ ೧೨, ಭಾನುವಾರ. ಮಧ್ಯಾಹ್ನ ೧೨-೪೦ಕ್ಕೆ ಬೇತಮಂಗಲ ಪೊಲೀಸ್ ಠಾಣೆಯ ಮೆಟ್ಟಿಲ ಕೆಳಗೆ ಒಬ್ಬ ಮನುಷ್ಯ ಬಂದು ನಿಂತ. ಮೊಣಕಾಲವರೆಗೆ ಕೆಸರು. ತಲೆಯ ಟವಲನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಭಾನುವಾರವೆಂದರೆ ಆ ಠಾಣೆಗೆ ಮೊದಲೇ ತಲೆನೋವು. ಚಿನ್ನದ ಗಣಿಯ ಆಫೀಸರುಗಳು ಸಂಸಾರ ಸಮೇತ ಕೆರೆ ನೋಡಲು ಬರುತ್ತಾರೆ, ಏರಿಯ ಮೇಲೆ ಕಾರುಗಳನ್ನು ಅಡ್ಡಾದಿಡ್ಡಿ ನಿಲ್ಲಿಸುತ್ತಾರೆ, ಕೇಳಿದರೆ ಇಂಗ್ಲಿಷಿನಲ್ಲಿ ಗದರುತ್ತಾರೆ. ಹೆಡ್ ಕಾನ್‌ಸ್ಟೇಬಲ್ ವೆಂಕಟೇಶಪ್ಪ ಆಗಷ್ಟೇ ಏರಿಯಿಂದ ಬಂದು ಊಟದ ಡಬ್ಬಿಗೆ ಕೈ ಹಾಕಿದ್ದ.

“ಏನಯ್ಯಾ, ಅಲ್ಲೇ ನಿಂತ್ಕೊಂಡು ಮೆಟ್ಲು ಎಣಿಸ್ತಾ ಇದೀಯ? ಒಳಕ್ಕೆ ಬಾ.”

“ಇಲ್ಲೇ ಏಳ್ತೀನಿ ಸಾಮಿ. ಓಟ್ಲಿನ ಇಂದ್ಗಡೆ ಒಂದು ಎಂಗ್ಸು ಬಿದ್ದವ್ಳೆ. ತಲೆ ಒಡ್ದೋಗದೆ. ಉಸ್ರೈತೆ.”

ಬಂದವನು ಜಯರಾಮಪ್ಪ, ವಾಟರ್ ವರ್ಕ್ಸ್ ತೋಟಕ್ಕೆ ನೀರು ಹಾಯಿಸುವವನು. ಅವನ ದೂರನ್ನು ವೆಂಕಟೇಶಪ್ಪ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡ. ಒಂದು ಗಂಟೆಗೆ ಸಬ್ ಇನ್ಸ್‌ಪೆಕ್ಟರ್ ರಾಮಚಂದ್ರಪ್ಪ ಸ್ಥಳದಲ್ಲಿದ್ದರು. ಮುಳಬಾಗಿಲು ಕಡೆಯ ಒಳ್ಳೆ ರೈತರ ಮನೆಯವರು, ಮೂವತ್ತೊಂದು ವಯಸ್ಸು, ಕಾನೂನಿನ ಪುಸ್ತಕ ಬಾಯಿಪಾಠ. ತಾನು ನ್ಯಾಯವಂತ ಎಂಬ ನಂಬಿಕೆ ಅವರಿಗೆ ಆ ಭಾನುವಾರದವರೆಗೆ ಗಟ್ಟಿಯಾಗಿತ್ತು.

‘ಪಾಲಾರ್ ವಿಲಾಸ’ ಕೆರೆಯ ಪಕ್ಕದ ಊಟ ವಸತಿಯ ಹೋಟೆಲು. ಮುಂದಿನ ವರಾಂಡದಲ್ಲಿ ಕುಳಿತರೆ ಎದುರಿಗೆ ಕೆರೆ, ಆಚೆ ನೀಲಿ ಗುಡ್ಡ. ಬೆಂಗಳೂರಿನವರೂ ಬಂದು ಆಹಾ ಎನ್ನುತ್ತಿದ್ದರು. ಹಿಂದುಗಡೆ ಅಡಿಗೆಮನೆ, ಬೂದಿಗುಂಡಿ, ಪಾತ್ರೆ ತೊಳೆಯುವ ಕಾಲುವೆಗೆ ಇಳಿಯಲು ಹನ್ನೊಂದು ಕಲ್ಲು ಮೆಟ್ಟಿಲು. ಆ ಕಡೆ ಆಹಾ ಎನ್ನುವವರು ಯಾರೂ ಬರುತ್ತಿರಲಿಲ್ಲ. ಮೆಟ್ಟಿಲ ಬುಡದಲ್ಲಿ ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಒಂದು ಪಕ್ಕಕ್ಕೆ ಮಡಚಿಕೊಂಡು ಬಿದ್ದಿದ್ದಳು. ಸೆರಗಿನ ಅಂಚನ್ನು ಬಾಯಿಗೆ ತುರುಕಿಕೊಂಡಿದ್ದಳು. ಬಂದವರನ್ನು ನೋಡಿ ಅದನ್ನು ಇನ್ನಷ್ಟು ಗಟ್ಟಿಯಾಗಿ ಕಚ್ಚಿಕೊಂಡಳು.

ಹೋಟೆಲಿನ ಮಾಲೀಕ ಆದಿನಾರಾಯಣ ರಾಯರು ಪಂಚೆ ಎತ್ತಿ ಹಿಡಿದುಕೊಂಡು ಓಡಿಬಂದರು.

“ಸ್ವಾಮಿ, ಜೀಪು ಮಾತ್ರ ಮುಂದುಗಡೆ ನಿಲ್ಲಿಸಬೇಡಿ. ಗಣಿ ಸೂಪರಿಂಟೆಂಡೆಂಟರು ಊಟಕ್ಕೆ ಕೂತಿದ್ದಾರೆ.”

“ಈಕೆ ಯಾರು?”

“ನಾನೇನು ಬಲ್ಲೆ? ಎಂಜಲೆಲೆ ಆಯೋಕೆ ಬಂದಿರಬಹುದು.”

ರಾಯರಿಗೆ ಆ ಜೀವ ಉಳಿಯುತ್ತದೋ ಇಲ್ಲವೋ ಎಂಬುದಕ್ಕಿಂತ ಮುಂದಿನ ಪಂಕ್ತಿಯ ಪಾಯಸದ ಚಿಂತೆ ಹೆಚ್ಚಾಗಿತ್ತು. ರಾಮಚಂದ್ರಪ್ಪನವರಿಗೆ ಸಿಟ್ಟು ಬಂತು, ಆದರೆ ಜೀಪನ್ನು ಹಿಂದಕ್ಕೇ ತರಿಸಿದರು. ಹೆಂಗಸನ್ನು ಗಣಿ ಊರಿನ ಆಸ್ಪತ್ರೆಗೆ ಕಳಿಸಿ, ಇಬ್ಬರು ಪಂಚರನ್ನು ಕರೆಸಿ, ೧-೪೫ರಿಂದ ೨-೩೦ರವರೆಗೆ ಪಂಚನಾಮೆ ನಡೆಸಿದರು. ಮೇಲಿನಿಂದ ಮೂರನೇ ಮೆಟ್ಟಿಲ ಮೇಲೆ ಒಡೆದ ಗಾಜಿನ ಬಳೆ. ಕೆಳಗೆ ರಕ್ತ. ಅವಳ ಸೆರಗಿನ ಗಂಟಿನಲ್ಲಿ ಮೊದಲೇ ಸಿಕ್ಕಿದ್ದ, ಕಾಮಸಮುದ್ರದಿಂದ ಬಂದ ಬಸ್ಸಿನ ಟಿಕೆಟ್ಟು. ಸಾಗಿಸುವ ಮುನ್ನ ಎಡಗೈ ಮಣಿಕಟ್ಟಿನಲ್ಲಿ ಕಂಡದ್ದನ್ನೂ ಅವರು ಬರೆಸಿದರು: ನಾಲ್ಕು ಬೆರಳು ಒಂದು ಹೆಬ್ಬೆರಳಿನ ಗುರುತು, ಒಣಗಿದ ಕಡಲೆಹಿಟ್ಟು.

ಸಂಜೆ ನಾಲ್ಕಕ್ಕೆ ಡಾಕ್ಟರು ಹೇಳಿದರು, ಸೊಂಟದ ಮೂಳೆ ಮುರಿದಿದೆ, ತಲೆಗೆ ಏಳು ಹೊಲಿಗೆ. ರಾಮಚಂದ್ರಪ್ಪ ಮಂಚದ ಪಕ್ಕ ನಿಂತು ಕೇಳಿದರು.

“ನಿನ್ನ ಹೆಸರೇನಮ್ಮ?”

“ಎಸ್ರು ಕಟ್ಕೊಂಡು ಏನ್ಮಾಡ್ತೀಯ ಸಾಮಿ.”

“ಯಾರು ತಳ್ಳಿದ್ದು?”

“ಯಾರೂ ತಳ್ಳಿಲ್ಲ. ಕಾಲು ಜಾರ್ತು.”

“ಕೈ ಹಿಡಿದು ಎಳೆದಿದ್ದಾರಲ್ಲ?”

ಅವಳು ಕಣ್ಣು ಮುಚ್ಚಿಕೊಂಡಳು. ಎಫ್.ಐ.ಆರ್. ಭಾರತ ದಂಡ ಸಂಹಿತೆ ೩೨೫ನೇ ಕಲಮಿನ ಕೆಳಗೆ, ತೀವ್ರ ಗಾಯಪಡಿಸಿದ ಅಪರಾಧವೆಂದು ದಾಖಲಾಯಿತು, ಆರೋಪಿ ‘ಅಪರಿಚಿತ’.

ಕಡಲೆಹಿಟ್ಟು ಅಂದಮೇಲೆ ಅಡಿಗೆಮನೆ. ಅಂದು ಬಜ್ಜಿಯ ಹಿಟ್ಟಿಗೆ ಕೈ ಹಾಕಿದ್ದವರು ಇಬ್ಬರೇ. ಒಬ್ಬರು ಮುಖ್ಯ ಅಡಿಗೆಯವರು ಶೇಷಗಿರಿ ಅಯ್ಯನವರು, ಚಿತ್ತೂರು ಕಡೆಯ ವೈದಿಕರಂತೆ, ತಂದೆ ತಾಯಿ ಇಲ್ಲದವರಂತೆ, ಬಂದು ಆರು ವರ್ಷ. ಪಾಲಾರ್ ವಿಲಾಸದ ಹುಳಿಗೆ ಕೋಲಾರ ಜಿಲ್ಲೆಯಲ್ಲೇ ಹೆಸರು ಬಂದಿದ್ದರೆ ಅದು ಅವರ ಕೈಗುಣ. ಇನ್ನೊಬ್ಬ ರುಬ್ಬುವ ಕೆಲಸದ ಶ್ರೀರಾಮಪ್ಪ. ಅವನು ರುಬ್ಬುವುದು, ಹಿಟ್ಟು ಕಲಸುವುದು ಹೊರಗಿನ ಚಪ್ಪರದಲ್ಲಿ, ಹಿಟ್ಟು ಒಳಗೆ ಹೋದಮೇಲೆ ಅವನು ಒಳಗೆ ಹೋಗುವಂತಿಲ್ಲ.

“ಇನ್ಯಾರು ಸ್ವಾಮಿ? ಶ್ರೀರಾಮನೇ,” ಎಂದರು ರಾಯರು. “ಅಯ್ಯನವರು ಅಂಥವರ ನೆರಳಿಗೂ ನಿಲ್ಲೋಲ್ಲ. ಮುಟ್ಟಿ ಎಳೀತಾರಾ?”

ಆ ಮಾತು ಸಬ್ ಇನ್ಸ್‌ಪೆಕ್ಟರಿಗೂ ಸರಿ ಅನ್ನಿಸಿತು. ಹೌದಲ್ಲ, ಮುಟ್ಟುವುದುಂಟೇ! ಐದೂವರೆಗೆ ಶ್ರೀರಾಮಪ್ಪನನ್ನು ತಂದು ಲಾಕಪ್ಪಿಗೆ ಹಾಕಿದರು. ಅವನು ಜಗಳವಾಡಲೂ ಇಲ್ಲ.

“ನಾನಲ್ಲ ಸಾರ್,” ಎಂದ. “ಆದ್ರೆ ನೀವು ಏಳಿದ್ಮೇಲೆ ಆಯ್ತು ಬುಡಿ.”

ಅಯ್ಯನವರನ್ನು ಅಂದು ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ವೆಂಕಟೇಶಪ್ಪ ಕಾಮಸಮುದ್ರಕ್ಕೆ ಹೊರಟ. ಹತ್ತು ಗಂಟೆಗೆ ರಾಮಚಂದ್ರಪ್ಪ ಹೋಟೆಲಿನ ಉಳಿದವರನ್ನು ಹೇಳಿಕೆಗೆ ಕರೆಸಿದರು. ರಾಯರು, ಇಬ್ಬರು ಸಪ್ಲೈಯರುಗಳು, ಶೇಷಗಿರಿ ಅಯ್ಯನವರು. ಅಯ್ಯನವರಿಗೆ ಮಾತ್ರ ಕುರ್ಚಿ ಹಾಕಿಸಿದರು. ಬೆಳ್ಳಗಿನ ಪಂಚೆ, ಹಣೆಯಲ್ಲಿ ಗಂಧ, ಮೂವತ್ತು ಮೂವತ್ತೆರಡರ ವಯಸ್ಸು.

“ನಿನ್ನೆ ಹನ್ನೆರಡು ಗಂಟೆಗೆ ಎಲ್ಲಿದ್ದಿರಿ?”

“ಒಲೆ ಮುಂದೆ.”

“ಹಿಂಬಾಗಿಲಿಗೆ ಯಾರಾದರೂ ಬಂದರೇ?”

“ಕಾಣಲಿಲ್ಲ. ಎಣ್ಣೆ ಕಾದಿತ್ತು.”

“ಶ್ರೀರಾಮಪ್ಪ?”

ಅಯ್ಯನವರು ನೆಲ ನೋಡಿದರು. “ಅವನು ಒಳ್ಳೆಯವನು,” ಎಂದರು, ಅಷ್ಟೇ.

ಎದುರಿನ ಅಂಗಡಿಯಿಂದ ಕಾಫಿ ಬಂತು. ರಾಯರು ಹೊರಗಿನದು ಮುಟ್ಟುವವರಲ್ಲ, ಬೇಡವೆಂದರು. ಸಪ್ಲೈಯರುಗಳು ಕುಡಿದು ಲೋಟಗಳನ್ನು ಬೆಂಚಿನ ಕೆಳಗೆ ತಳ್ಳಿದರು. ಅಯ್ಯನವರ ಬಾಯಿ ಒಣಗಿತ್ತೋ ಏನೋ, ಅವರೂ ತೆಗೆದುಕೊಂಡರು. ಕುಡಿದಾದಮೇಲೆ ಲೋಟ ಹಿಡಿದುಕೊಂಡು ಎದ್ದು ಹಿಂದುಗಡೆಯ ತೊಟ್ಟಿಯ ಹತ್ತಿರ ಹೋದರು, ಬೂದಿ ಹಾಕಿ ಉಜ್ಜಿ ತೊಳೆದರು, ಒಳಗೆ ತರದೆ ಹೊರಗೋಡೆಯ ಮೇಲೆ ಬಿಸಿಲಿಗೆ ಬೋರಲು ಹಾಕಿದರು. ಕೈಯನ್ನು ಪಂಚೆಗೆ ಒರೆಸಿಕೊಂಡು ಬಂದು ಕೂತರು. ಏನು ಮಾಡಿದೆನೆಂಬುದು ಅವರಿಗೇ ತಿಳಿದಂತಿರಲಿಲ್ಲ.

“ಎಷ್ಟಾದ್ರೂ ಅಡಿಗೆಯವರು, ಶುದ್ಧ ನೋಡಿ,” ಎಂದು ಹೇಳಿಕೆ ಬರೆದುಕೊಳ್ಳುತ್ತಿದ್ದ ಠಾಣೆಯ ರೈಟರು ನಕ್ಕ.

ರಾಮಚಂದ್ರಪ್ಪ ನಗಲಿಲ್ಲ. ಹೋಟೆಲಿನ ಮುಖ್ಯ ಅಡಿಗೆಯವನು ತನ್ನ ಲೋಟ ತಾನು ತೊಳೆಯುವುದಿಲ್ಲ, ಅದಕ್ಕೆ ಆಳಿರುತ್ತದೆ. ತೊಳೆದರೂ ಹೊರಗೋಡೆಯ ಮೇಲೆ ಇಡುವುದಿಲ್ಲ. ಹಾಗೆ ಇಡುವವರನ್ನು ಅವರು ಚಿಕ್ಕಂದಿನಿಂದ ಬಲ್ಲರು. ಅವರ ಮನೆಯ ದನದ ಕೊಟ್ಟಿಗೆಯ ಗೋಡೆಯಲ್ಲಿ ಎರಡು ಲೋಟ ಬೇರೆಯಾಗಿ ಇರುತ್ತಿದ್ದವು. ಕೂಲಿಗೆ ಬಂದವರಿಗೆ ಅವರ ತಾಯಿ ಮೇಲಿನಿಂದ ಮಜ್ಜಿಗೆ ಹುಯ್ಯುತ್ತಿದ್ದರು, ಕುಡಿದವರು ತೊಳೆದು ಬೋರಲು ಹಾಕಿ ಹೋಗುತ್ತಿದ್ದರು. ಯಾರಾದರೂ ಮರೆತರೆ “ಲೇ, ಲೋಟ!” ಎಂದು ಜಗುಲಿಯಿಂದ ಕೂಗುವ ಕೆಲಸ ಪುಟ್ಟ ರಾಮಚಂದ್ರನದಾಗಿತ್ತು. ಅದನ್ನು ಅವರು ಯಾವತ್ತೂ ತಪ್ಪೆಂದು ಎಣಿಸಿರಲಿಲ್ಲ. ಈಗ ಕಿವಿಯವರೆಗೂ ಬಿಸಿಯಾಯಿತು.

“ಅಯ್ಯನವರೇ,” ಎಂದರು, “ನಿಮ್ಮ ತಂದೆ ತಾಯಿ ತೀರಿಕೊಂಡು ಎಷ್ಟು ವರ್ಷವಾಯಿತು?”

ಅಯ್ಯನವರು ಪಂಚೆಯ ಅಂಚು ಸರಿಮಾಡಿಕೊಂಡರು. “ಚಿಕ್ಕಂದಿನಲ್ಲೇ.”

“ಊರು ಬಿಟ್ಟು ಹೋಗಬೇಡಿ.”

ಮಧ್ಯಾಹ್ನ ೩-೩೦ಕ್ಕೆ ವೆಂಕಟೇಶಪ್ಪ ಧೂಳು ಕುಡಿದು ವಾಪಸು ಬಂದ.

“ಸಿಕ್ತು ಸಾರ್. ಎಂಗ್ಸಿನ ಎಸ್ರು ಮುನಿಶಾಮಮ್ಮ. ಕಾಮಸಮುದ್ರದಿಂದ ಮೂರು ಮೈಲಿ, ಊರಾಚೆ ಕೇರಿ. ಪಕ್ಕದ ಮನೆ ಪಾಪಕ್ಕ ಎಲ್ಲಾ ಏಳಿದ್ಲು. ಗಂಡ ಓಗಿ ಹತ್ತು ದಿವ್ಸ, ನಾಳೆ ಮಂಗಳ್ವಾರ ತಿಥಿ. ಒಬ್ನೇ ಮಗ, ಕದಿರಪ್ಪ ಅಂತ. ಹದಿನೈದು ವರ್ಷದೋನಿದ್ದಾಗ ಮದರಾಸಿಗೆ ಓಡೋಗಿ ಓಟ್ಲಲ್ಲಿ ಪಾತ್ರೆ ತೊಳೀತಿದ್ನಂತೆ. ಆಮೇಲೆ ಪತ್ತೆ ಇಲ್ಲ. ಓದ್ ಸಂಕ್ರಾಂತೀಲಿ ಊರೋನು ಯಾರೋ ನಮ್ಮ ಕೆರೆ ಅತ್ರ ನೋಡಿದ್ನಂತೆ.”

ರಾಮಚಂದ್ರಪ್ಪ ಎದ್ದು ಹೋಗಿ ತಾವೇ ಲಾಕಪ್ಪಿನ ಬೀಗ ತೆಗೆದರು. ಶ್ರೀರಾಮಪ್ಪ ಹೊರಗೆ ಬಂದು ಟವಲು ಕೊಡವಿಕೊಂಡ.

“ತಪ್ಪಾಯ್ತಪ್ಪ,” ಎಂದರು. ಠಾಣೆಯಲ್ಲಿ ಆ ಮಾತನ್ನು ಅಧಿಕಾರಿಯ ಬಾಯಲ್ಲಿ ಯಾರೂ ಕೇಳಿರಲಿಲ್ಲ.

“ಪರ್ವಾಗಿಲ್ಲ ಸಾರ್,” ಎಂದ ಶ್ರೀರಾಮಪ್ಪ. ಪರವಾಗಿಲ್ಲ ಎನ್ನುವ ಮುಖ ಅದಾಗಿರಲಿಲ್ಲ.

ಅವತ್ತೇ ಆಸ್ಪತ್ರೆಗೆ ಹೋಗೋಣವೆಂದರೆ ಮುನಿಶಾಮಮ್ಮನಿಗೆ ಜ್ವರ, ಡಾಕ್ಟರು ಬಿಡಲಿಲ್ಲ. ಮಾರ್ಚ್ ೧೪, ಮಂಗಳವಾರ ಬೆಳಿಗ್ಗೆ ೯-೧೫ಕ್ಕೆ ಶೇಷಗಿರಿ ಅಯ್ಯನವರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟರು. ಆಂಡರ್ಸನ್‌ಪೇಟೆ ದಾಟಿ ಆಸ್ಪತ್ರೆ ಸೇರಿದರು. ವಾರ್ಡಿನ ಬಾಗಿಲಲ್ಲಿ ಅಯ್ಯನವರ ಕಾಲು ತಡೆಯಿತು. ವೆಂಕಟೇಶಪ್ಪ ಮೆಲ್ಲಗೆ ಮುಂದಕ್ಕೆ ತಳ್ಳಿದ.

ತಲೆಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಮುನಿಶಾಮಮ್ಮ ಕಣ್ಣು ತೆರೆದಳು. ಮಗನನ್ನು ನೋಡಿದಳು. ನೋಡಿದ್ದು ಒಂದೇ ಗಳಿಗೆ, ಆಮೇಲೆ ಸಬ್ ಇನ್ಸ್‌ಪೆಕ್ಟರ ಕಡೆ ತಿರುಗಿದಳು.

“ಈತ ಯಾರಮ್ಮ?”

“ಯಾರೋ ಅಯ್ನೋರು. ನಂಗೇನು ಗೊತ್ತು ಸಾಮಿ.”

“ಸರಿಯಾಗಿ ನೋಡು. ಮುನಿಶಾಮಮ್ಮ ತಾನೇ ನೀನು? ನಿನ್ನ ಮಗ ಕದಿರಪ್ಪನಲ್ಲವೇ?”

“ಅಯ್ಯೋ, ಬುಡ್ತು ಅನ್ನಿ! ಇಂಥ ದೊಡ್ಡೋರು ನನ್ನಂಥೋಳ ಒಟ್ಟೇಲಿ ಉಟ್ತಾರಾ? ಪಾಪ ಬತ್ತದೆ.” ಮಲಗಿದ್ದಲ್ಲಿಂದಲೇ, ಮುರಿದ ಸೊಂಟದ ನೋವಿಗೆ ಹಲ್ಲು ಕಚ್ಚಿಕೊಂಡು, ಅವಳು ಎರಡೂ ಕೈ ಎತ್ತಿ ಮಗನಿಗೆ ಮುಗಿದಳು. “ಅಡ್ಡಬಿದ್ದೆ ಸಾಮಿ. ನಿಮ್ಮನ್ನ ಸುಮ್ಕೆ ಇಲ್ಲಿಗಂಟ ಕರ್ಕೊಂಡ್ಬಂದವ್ರೆ. ನೀವು ಓಗ್ಬುಡಿ.”

ಅವನು ಹೋಗಿಬಿಡಬಹುದಾಗಿತ್ತು. ಬೆರಳಿನ ಗುರುತು ಆಗಲೇ ಅಳಿಸಿಹೋಗಿತ್ತು, ನೋಡಿದ ಸಾಕ್ಷಿ ಒಬ್ಬನೂ ಇರಲಿಲ್ಲ, ಗಾಯಗೊಂಡವಳೇ ಇಲ್ಲವೆನ್ನುತ್ತಿದ್ದಳು. ಅವನು ಮಂಚದ ಕಾಲಿನ ಹತ್ತಿರ ಕುಸಿದು ಕೂತು ಆ ಮುಗಿದ ಕೈಗಳನ್ನು ಹಿಡಿದು ಬಿಡಿಸಿದ.

“ಕೈ ಇಳ್ಸವ್ವ,” ಎಂದ. “ನಂಗೆ ಮುಗೀಬ್ಯಾಡ. ನಮ್ಮವ್ವ ಸಾರ್ ಇವ್ಳು. ನಾನೇ ತಳ್ದೆ.”

“ಯಾಕಲಾ ಏಳ್ದೆ?” ಮುನಿಶಾಮಮ್ಮ ಜೋರಾಗಿ ಅತ್ತಳು. “ನಾ ಎಲ್ಲಾ ಸರಿ ಮಾಡಿದ್ನಲ್ಲೋ! ಇನ್ನ ಆ ಕೆಲ್ಸ ನಿಂಗೆಲ್ಲಿ ಉಳೀತದೆ ಕಣ್ಲಾ?”

ಬೆಳಿಗ್ಗೆ ೧೦-೧೦ಕ್ಕೆ ಕದಿರಪ್ಪ ಉರುಫ್ ಶೇಷಗಿರಿಯನ್ನು ದಸ್ತಗಿರಿ ಮಾಡಲಾಯಿತು. ವಾರ್ಡಿನ ಹೊರಗಿನ ಬೆಂಚಿನ ಮೇಲೆಯೇ ಹೇಳಿಕೆ ಬರೆದುಕೊಂಡರು.

“ಮುಂದುಗಡೆ ಬರ್ಲಿಲ್ಲ ಸಾರ್ ನಮ್ಮವ್ವ. ಇಂದ್ಗಡೆನೇ ಬಂದ್ಲು. ಎಲ್ಲಿ ನಿಂತ್ಕೋಬೇಕು ಅಂತ ಅವ್ಳಿಗೆ ಗೊತ್ತು. ಅಪ್ಪ ಓಗ್ಬುಟ್ಟ, ಮಂಗಳ್ವಾರ ತಿಥಿ, ಒಂದಿನ ಬಂದು ತಲೆ ಕೊಟ್ಟು ಓಗಪ್ಪ ಅಂದ್ಲು. ತಲೆ ಬೋಳಿಸ್ಕೊಂಡು ವಾಪಸ್ ಬಂದ್ರೆ ಯಾರು ಸತ್ರು ಅಂತ ರಾಯ್ರು ಕೇಳಲ್ವಾ? ನಂಗೆ ಯಾರೂ ಇಲ್ಲ ಅಂತ ಏಳಿ ಸೇರಿದ್ನಲ್ಲ. ಆಗಲ್ಲ ಓಗು ಅಂದೆ. ಅವ್ಳು ಕದಿರಾ ಅಂತ ಅಳೋಕೆ ಶುರು ಮಾಡಿದ್ಲು. ಒಳಗಿಂದ ರಾಯ್ರು ಯಾರದು ಅಂದ್ರು. ಬಜ್ಜಿ ಇಟ್ಟಿನ ಕೈಲೇ ಅವ್ಳ ಕೈ ಇಡ್ಕೊಂಡು ಎಳ್ದೆ, ತಳ್ಬುಟ್ಟೆ.”

“ಬಿದ್ದಮೇಲೆ ಇಳಿದು ನೋಡಲಿಲ್ಲವೇ?”

“ಮೇಲಿಂದ ನೋಡ್ದೆ. ಅವ್ಳೂ ನೋಡಿದ್ಲು. ಕೂಗಿದ್ರೆ ಒಳಗೆ ಕೇಳ್ಸುತ್ತೆ ಅಂತ ಸೆರಗು ಬಾಯಿಗೆ ತುರುಕ್ಕೊಂಡ್ಲು ಸಾರ್, ನನ್ ಮಾನ ಉಳಿಸ್ಬೇಕು ಅಂತ. ಕೈಯಲ್ಲಿ ಓಗು ಓಗು ಅಂತ ತೋರಿಸಿದ್ಲು.”

“ನೀನು?”

“ಓದೆ. ಕೈ ತೊಳ್ಕೊಂಡು ಎರಡ್ನೇ ಪಂಕ್ತಿಗೆ ಪಾಯ್ಸ ಬಡಿಸ್ದೆ. ಬೋ ಚೆನ್ನಾಗದೆ ಅಂದ್ರು ಎಲ್ರೂ.”

ಕೇಸು ಡೈರಿಯ ‘ಕೃತ್ಯಕ್ಕೆ ಕಾರಣ’ ಎಂಬ ಅಂಕಣದಲ್ಲಿ ರಾಮಚಂದ್ರಪ್ಪ ಬರೆದದ್ದು ಎರಡೇ ಸಾಲು. ಆರೋಪಿಗೆ ತಾಯಿಯ ಮೇಲೆ ದ್ವೇಷವಿರಲಿಲ್ಲ. ತಾನು ಹುಟ್ಟಿದ ಕೇರಿ ಯಾವುದೆಂದು ತಿಳಿದರೆ ತಾನು ಬಡಿಸಿದ ಅನ್ನವನ್ನು ಜನ ಕಕ್ಕುತ್ತಾರೆ ಎಂದು ಆರು ವರ್ಷದಿಂದ ಹೆದರಿ ಬದುಕಿದ್ದನು.

ಪದ್ಧತಿಯ ಪ್ರಕಾರ ಹೇಳಿಕೆಯನ್ನು ಆರೋಪಿಗೆ ಓದಿ ಹೇಳಬೇಕು. ರಾಮಚಂದ್ರಪ್ಪ ಗಟ್ಟಿಯಾಗಿ ಓದುತ್ತಾ ಬಂದರು. ಸೆರಗಿನ ಮಾತು ಬಂದಾಗ ದನಿ ನಿಂತಿತು. ಕಾಗದವನ್ನು ವೆಂಕಟೇಶಪ್ಪನಿಗೆ ಕೊಟ್ಟರು. ಅವನು ಮನಸ್ಸಿನಲ್ಲೇ ಆ ಸಾಲು ಓದಿಕೊಂಡು, ಟೋಪಿ ತೆಗೆದು ಬೆಂಚಿನ ಮೇಲಿಟ್ಟ. ಅವನಿಂದಲೂ ಆಗಲಿಲ್ಲ.

“ಕೊಡಿ ಸಾರ್,” ಎಂದ ಕದಿರಪ್ಪ. ಕಾಗದ ತೆಗೆದುಕೊಂಡು, ತಗ್ಗಿದ ತಲೆ ಎತ್ತದೆ, ಕೊನೆಯವರೆಗೆ ತಾನೇ ಓದಿ ಮುಗಿಸಿದ.