ಎರಡನೆಯ ಕ್ಷಿಪಣಿ

ಹೊಲದಲ್ಲಿ ಬಿದ್ದಿದ್ದ ವಿಮಾನದ ಬಾಲದ ತುಂಡನ್ನು ಸೈನಿಕರು ಹೊರಳಿಸಿ ನೋಡಿದರು. ಅದರ ಮೇಲಿದ್ದದ್ದು ತಮ್ಮದೇ ವಾಯುಪಡೆಯ ಗುರುತು! ಶತ್ರುವಿನದೆಂದು ಹೊಡೆದುರುಳಿಸಿದ್ದು ಗಾಯಾಳುಗಳನ್ನು ಹೊತ್ತು ತರುತ್ತಿದ್ದ ಸ್ವಂತ ವಿಮಾನವನ್ನು. ಒಬ್ಬರೂ ಉಳಿದಿರಲಿಲ್ಲ.

ತನಿಖೆಗೆ ಬಂದ ಅಧಿಕಾರಿಣಿಯನ್ನು ಬೆನ್ನ ಹಿಂದೆ ಎಲ್ಲರೂ ‘ಸೂಜಿ’ ಎನ್ನುತ್ತಿದ್ದರು. ಹೊಲದಿಂದ ನೇರವಾಗಿ ಕ್ಷಿಪಣಿ ನೆಲೆಗೆ ಬಂದ ಸೂಜಿಗೆ ಮೈಯೆಲ್ಲ ಉರಿಯುತ್ತಿತ್ತು. ಅಲ್ಲಿ ನೆಲೆಯ ಮುಖ್ಯಸ್ಥ ಮೇಜರ್ ಸಾಹೇಬರು ಅಪರಾಧಿಯನ್ನು ಆಗಲೇ ಹಿಡಿದು ಕೂರಿಸಿದ್ದರು — ಗುಂಡಿ ಒತ್ತಿದ ಸಿಪಾಯಿ. ಅವನನ್ನು ಸೇನಾ ಜೈಲಿಗೆ ಒಯ್ಯಲು ಜೀಪೂ ಬಂದು ನಿಂತಿತ್ತು.

“ಯಾಕೆ ಒತ್ತಿದೆ?” ಸೂಜಿ ಸಿಪಾಯಿಯನ್ನು ಕೇಳಿದಳು.

“ಸಾಹೇಬ್ರನ್ನ ಕೇಳ್ದೆ ಮೇಡಂ. ‘ಬಿಡ್ಲಾ ಸಾರ್?’ ಅಂದೆ. ‘ಬಿಡು’ ಅಂದ್ರು. ಬಿಟ್ಟೆ.”

ಮೇಜರ್ ನಕ್ಕರು. ಆ ನಗು ಸೂಜಿಗೆ ಸಹಿಸಲಾಗಲಿಲ್ಲ.

“ಅಂದೆ. ಯಾರು ಇಲ್ಲ ಅಂದ್ರು? ಬಿಡು ಅಂದ್ರೆ — ನಮ್ಮದೇ ಇರಬಹುದು, ಅದರ ತಂಟೆಗೆ ಹೋಗ್ಬೇಡ, ಬಿಟ್ಬಿಡು ಅಂತ! ಈ ಮುಠ್ಠಾಳ ಕ್ಷಿಪಣಿ ಬಿಟ್ರೆ ನಾನೇನು ಮಾಡ್ಲಿ?”

ನಿಯಮದಲ್ಲಿದ್ದ ಆಜ್ಞೆ ‘ಹಾರಿಸು’. ಆದರೆ ಈ ನೆಲೆಯಲ್ಲಿ ಎಲ್ಲರ ಬಾಯಿಗೂ ರೂಢಿಯಾದದ್ದು ‘ಬಿಡು’. ನಿಯಂತ್ರಣ ಕ್ಯಾಬಿನ್ನಿನಲ್ಲಿ ಅವರಿಬ್ಬರ ಜೊತೆಗಿದ್ದ ರೇಡಿಯೋ ಆಪರೇಟರನಿಗೂ ಕೇಳಿಸಿದ್ದು ಅದೇ ಮಾತು. ಹಾಗಾದರೆ ಯಾರದು ಸುಳ್ಳು?

ಸೂಜಿ ಹೊರಗೆ ಹೋಗಿ ಕ್ಷಿಪಣಿ ಗಾಡಿಯನ್ನು ಸುತ್ತಿ ಬಂದಳು. ಅದರ ನಳಿಗೆಗಳಲ್ಲಿ ಎರಡು ಖಾಲಿಯಾಗಿದ್ದವು. ಎರಡಕ್ಕೂ ಮಸಿ ಹಿಡಿದಿತ್ತು.

“ಎರಡನ್ನೂ ಒಟ್ಟಿಗೇ ಒತ್ತಿದ್ಯಾ?”

“ಇಲ್ಲ ಮೇಡಂ. ಒಂದೊಂದಕ್ಕೂ ಕೇಳ್ಲೇಬೇಕು. ಮೊದಲನೇದು ತಾಗ್ಲಿಲ್ಲ. ಮತ್ತೆ ಕೇಳ್ದೆ.”

ಸೂಜಿ ಮೇಜರ್ ಕಡೆ ತಿರುಗಿದಳು. “ಆವಾಗ ಏನಂದ್ರಿ?”

“ಅದೇ! ಬಿಡು ಅಂತ! ಕತ್ತೆಗೆ ಹೇಳಿದ ಹಾಗೆ ಎರಡೆರಡು ಸಲ ಹೇಳ್ದೆ.”

“ಮೊದಲನೇದು ಹೋದ ಸದ್ದು ಕೇಳಿಸಿತ್ತಾ?”

“ಕೇಳಿಸದೆ ಏನು? ಕಿವಿ ಗಡಚಿಕ್ಕಿತ್ತು.”

“ಸರಿ. ಬೇಡ ಅಂದ ಕ್ಷಿಪಣಿ ಕಣ್ಣೆದುರಿಗೇ ಹಾರಿಹೋಯ್ತು. ಆಮೇಲೂ ಅವನು ‘ಬಿಡ್ಲಾ?’ ಅಂತಾನೆ. ಬೇಡ ಅನ್ನೋನು ಏನು ಮಾಡ್ತಾನೆ ಸಾಹೇಬ್ರೆ? ‘ನಿಲ್ಸೋ!’ ಅಂತ ಕಿರುಚಿ ಅವನ ಕೈ ಹಿಡೀತಾನೆ. ನೀವು ಕೂತಲ್ಲೇ ಮತ್ತೆ ‘ಬಿಡು’ ಅಂದ್ರಿ!”

ಸೂಜಿ ಮೇಜರ್ ಎದುರಿಗೇ ಬಂದು ನಿಂತಳು.

“ಬಾಲದ ಮೇಲಿನ ಗುರುತು ನೋಡೋವರೆಗೂ ನಿಮ್ಮ ‘ಬಿಡು’ಗೆ ಒಂದೇ ಅರ್ಥ ಇತ್ತು. ಆಮೇಲೆ ಇನ್ನೊಂದು ಹುಡುಕಿದ್ರಿ. ಯಾರ ವಿಮಾನ ಅಂತ ಪಕ್ಕದಲ್ಲೇ ಇದ್ದ ರೇಡಿಯೋದಲ್ಲಿ ಕೇಳೋದಕ್ಕೂ ನಿಮಗೆ ಪುರುಸೊತ್ತಿರಲಿಲ್ವಾ? ಇಷ್ಟು ಜನರನ್ನ ಕೊಂದೋರು ನೀವು. ಇವನ ತಲೆಗೆ ಕಟ್ಟೋದಕ್ಕೆ ನಾಚಿಕೆ ಆಗಲ್ವಾ?”

ಜೀಪು ಮೇಜರ್ ಸಾಹೇಬರನ್ನು ಕೂರಿಸಿಕೊಂಡು ಹೊರಟಿತು. ಸಿಪಾಯಿ ಎದ್ದು ನಿಲ್ಲಲಿಲ್ಲ, ನಗಲೂ ಇಲ್ಲ.

“ವಿಮಾನದ ಒಳಗೆ ಯಾರ್ಯಾರಿದ್ರು ಮೇಡಂ?” ಎಂದು ಕೇಳಿದ.

ಬೆಳಗಿನಿಂದ ಮೇಜರ್ ಒಮ್ಮೆಯೂ ಕೇಳದಿದ್ದ ಪ್ರಶ್ನೆ ಅದು. ಸಿಟ್ಟಿಗೋ ಸಂಕಟಕ್ಕೋ ಸೂಜಿಯ ಕಣ್ಣು ತುಂಬಿತು. ಬೆಂಚಿನ ಮೇಲೆ ಅವನ ಪಕ್ಕದಲ್ಲೇ ಕೂತು, ಒಬ್ಬೊಬ್ಬರ ಹೆಸರನ್ನೇ ಹೇಳತೊಡಗಿದಳು.