ಲೇಬಲ್ ಕಳಚಿದ ಮೂರು ಬಾಟಲಿಗಳು

"ಅದು ಆ ಕುಟುಂಬದ್ದಲ್ಲ."

ಬೆನ್ನ ಹಿಂದಿನ ದನಿಗೆ ಅವಳು ಕೈಯಲ್ಲಿದ್ದ ಬಾಟಲಿಯನ್ನು ಮೇಜಿನ ಮೇಲಿಟ್ಟು ತಿರುಗಿದಳು. ಕೆಮಿಸ್ಟ್ರಿ ಮೇಷ್ಟ್ರು! ಲ್ಯಾಬ್ ಸಹಾಯಕಿಯಾದ ಅವಳು ತಿಂಗಳಿನಿಂದ ಕಣ್ತಪ್ಪಿಸಿಕೊಂಡು ಓಡಾಡುತ್ತಿದ್ದುದು ಇವರಿಂದಲೇ.

ದೊಡ್ಡಮ್ಮ ಇವರ ಮನೆಗೇ ಸಂಬಂಧ ಕೇಳಲು ಹೋಗಿ, ಮುಖ ಸಪ್ಪೆ ಮಾಡಿಕೊಂಡು ಬಂದಿದ್ದರು. "ಹುಡುಗ ಹೂಂ ಅನ್ನಲಿಲ್ಲ ಕಣೇ." ಇಂದು ಸಂಜೆ ಬೇರೊಂದು ಮನೆಯವರಿಗೆ ಅವಳು ಮಾತು ಕೊಡಬೇಕಿತ್ತು. ಮನಸ್ಸು ಮಾತ್ರ ಇಲ್ಲೇ ಬಿದ್ದುಕೊಂಡಿತ್ತು...

ನಲ್ಲಿ ಸೋರಿ ಮೂರು ಬಾಟಲಿಗಳ ಲೇಬಲ್ ಕಳಚಿದ್ದವು. ಮೂರೂ ಹೈಡ್ರೋಕಾರ್ಬನ್, ನೋಡಲು ಮೂರೂ ನೀರಿನಂತೆ.

"ಬ್ರೋಮಿನ್ ನೀರು ಹಾಕಿ ನೋಡಿದೆ ಸರ್. ಒಂದ್ರಲ್ಲಿ ಬಣ್ಣ ಮಾಯವಾಯ್ತು, ಅದು ಆಲ್ಕೀನ್. ಇವೆರಡಕ್ಕೆ ಏನೂ ಆಗ್ಲಿಲ್ಲ. ಅದಕ್ಕೇ ಎರಡನ್ನೂ ಆಲ್ಕೇನ್ ಕುಟುಂಬದ ಸಾಲಿಗೆ ಸೇರಿಸಿದೆ."

"ಒಂದರ ವಾಸನೆಯೇ ಬೇರೆ ಇದೆ. ಒಂದೊಂದು ಹನಿ ಸುಟ್ಟು ನೋಡಿದ್ರಾ?"

ನೋಡಿರಲಿಲ್ಲ. ಪಿಂಗಾಣಿ ಬಟ್ಟಲಲ್ಲಿ ಮೊದಲನೆಯದು ಶುಭ್ರವಾಗಿ ಉರಿಯಿತು. ಎರಡನೆಯದು ಭುಸ್ಸೆಂದು ಕಪ್ಪು ಹೊಗೆ ಕಾರಿ ಮೇಷ್ಟ್ರ ಬಿಳಿ ಕೋಟಿಗೆ ಮಸಿ ಹಿಡಿಸಿತು.

ಅವಳು ಮುನಿಸನ್ನೇ ಮರೆತು ಬಗ್ಗಿ ನೋಡಿದಳು. "ಇದು ಬೇರೆಯೇ!"

"ಅರೋಮ್ಯಾಟಿಕ್. ಇದರ ಅಣುವಿನಲ್ಲಿರೋ ಇಂಗಾಲದ ಉಂಗುರ ತುಂಬಾ ಗಟ್ಟಿ, ಬ್ರೋಮಿನ್ ನೀರಿಗೆ ಜಗ್ಗಲ್ಲ. ಹಾಗಂತ ಒಳಗೇನೂ ಇಲ್ಲ ಅಂತಲ್ಲ."

ಅವಳಿಗೆ ಏನೋ ಚುಚ್ಚಿತು. ಇನ್ನು ತಡೆದುಕೊಳ್ಳಲಾಗಲಿಲ್ಲ.

"ಹಾಗಾದ್ರೆ ಒಂದು ಕೇಳ್ಲಾ? ದೊಡ್ಡಮ್ಮ ಬಂದಾಗ ನೀವ್ಯಾಕೆ ಹೂಂ ಅನ್ನಲಿಲ್ಲ?"

ಮೇಷ್ಟ್ರು ತಬ್ಬಿಬ್ಬಾದರು.

"'ಮೊದಲು ಅವರನ್ನ ಕೇಳಿ' ಅಂದಿದ್ದೆ. ನಾನು ಹೇಳಿದ ಕೆಲಸ ಮಾಡೋರು ನೀವು. ಬೇಡ ಅನ್ನೋಕಾಗದೆ ಒಪ್ಕೊಂಡ್ರೆ? ಆಮೇಲೆ ನನ್ನ ಕಂಡ ಕೂಡ್ಲೇ ಸ್ಟೋರ್ ರೂಮಿಗೆ ಓಡೋಕೆ ಶುರು ಮಾಡಿದ್ರಿ. ಅದೇ ಉತ್ತರ ಅಂದ್ಕೊಂಡೆ."

'ಅಯ್ಯೋ... ಇಬ್ಬರೂ ಪೂರ್ತಿ ಪರೀಕ್ಷೆ ಮಾಡದೆ ಚೀಟಿ ಅಂಟಿಸಿಬಿಟ್ಟಿದ್ದೀವಲ್ಲ!' ಎನ್ನಿಸಿತು ಅವಳಿಗೆ.

ಅವಳು ಅಲ್ಲೇ ಫೋನ್ ತೆಗೆದಳು.

"ದೊಡ್ಡಮ್ಮ, ಸಂಜೆ ಬರೋರಿಗೆ ಬೇಡ ಅಂದ್ಬಿಡಿ. ನನ್ನನ್ನ ಕೇಳಿ ಅಂತ ಮೇಷ್ಟ್ರು ಹೇಳಿದ್ರಂತೆ?"

"ಹೇಳಿದ್ರು. ನಯವಾಗಿ ಜಾರಿಕೊಳ್ತಿದ್ದಾರೆ ಅಂದ್ಕೊಂಡೆ ಕಣೇ."

"ಈಗ ಕೇಳಿ."

ಆ ಕಡೆಯಿಂದ ನಗು ಸೇರಿದ ಪ್ರಶ್ನೆ ಬಂತು.

"ಹೂಂ," ಎಂದಳು ಅವಳು, ಕಿಟಕಿಯತ್ತ ತಿರುಗಿ.

ಫೋನ್ ಇಟ್ಟಾಗ ಕೆನ್ನೆ ಬಿಸಿಯಾಗಿತ್ತು. ಮೇಷ್ಟ್ರು ಕದಲದೆ ನಿಂತಿದ್ದರು.

"ಕೇಳಿಸ್ಲಿಲ್ವಾ?"

"ಕೇಳಿಸ್ತು. ಆದ್ರೆ ಅದು ದೊಡ್ಡಮ್ಮನಿಗೆ ಹೇಳಿದ್ದು."

ಅವಳು ನಕ್ಕಳು. ತಿಂಗಳ ನಂತರ ಮೊದಲ ಸಲ ಆ ಕಣ್ಣುಗಳನ್ನು ನೇರವಾಗಿ ನೋಡಿ, ಅವನಿಗಷ್ಟೇ ಕೇಳುವಂತೆ ಇನ್ನೊಮ್ಮೆ ಹೇಳಿದಳು.