ಎಡವೆಂದು ಬರೆದ ಶ್ವಾಸಕೋಶ

"ದಾರಿ ಬಿಡಿ ಮೇಡಂ, ಐಸ್ ಕರಗ್ತಾ ಇದೆ!"

ಸ್ಕ್ಯಾನ್ ಕೋಣೆಯ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ ಅವಳು ಕದಲಲಿಲ್ಲ. ಎದುರಿಗೆ ಮಂಡಿಯುದ್ದ ರಬ್ಬರ್ ಬೂಟು ತೊಟ್ಟ ತರುಣ. ಅವನ ಹಿಂದಿನ ಸ್ಟ್ರೆಚರ್ ಮೇಲೆ ಪ್ಲಾಸ್ಟಿಕ್ ಸುತ್ತಿದ ಉದ್ದನೆಯ ದೇಹ.

"ಏನ್ರೀ ಇದು?"

"ಡಾಲ್ಫಿನ್. ತೀರಕ್ಕೆ ಸತ್ತು ಬಂದಿದ್ದು. ಭಾನುವಾರ ಬೆಳಿಗ್ಗೆ ಮೆಷಿನ್ ಖಾಲಿ ಇರುತ್ತೆ, ಬನ್ನಿ ಅಂತ ನಿಮ್ಮ ಮಾಲೀಕರೇ ಒಪ್ಪಿದ್ದಾರೆ."

"ಮೀನಿಗೆಲ್ಲಾ ಸಿ.ಟಿ. ಸ್ಕ್ಯಾನಾ? ನಾಳೆ ಸೀಗಡಿಗೆ ಎಕ್ಸ್‌ರೇ ತೆಗೀರಿ ಅಂತ ಬರ್ತೀರೇನೋ!"

"ಇದು ಮೀನಲ್ಲ ಮೇಡಂ. ನಮ್ಮ ಹಾಗೇ ಗಾಳಿ ಬೇಕು ಇದಕ್ಕೆ. ಉಸಿರು ಕಟ್ಟಿ ಸತ್ತಿದೆ. ಯಾಕೆ ಅಂತ ಕೇಳೋರು ಒಬ್ಬರಾದ್ರೂ ಬೇಡ್ವಾ?"

ಉಸಿರು ಕಟ್ಟಿ... ಆ ಎರಡು ಪದಗಳು ಅವಳ ಎದೆಗೇ ನೇರವಾಗಿ ನಾಟಿದವು. ಅವಳು ಬಾಗಿಲು ಬಿಟ್ಟಳು.

ಕಿಟಕಿಯೇ ಇಲ್ಲದ ಆ ಕೋಣೆಯಲ್ಲಿ ಅವಳು ಆರು ವರ್ಷ ಕಳೆದಿದ್ದಳು. ಸ್ಕ್ಯಾನ್ ಸೆಂಟರ್ ಅವಳ ಭಾವನದು. ಹೆತ್ತವರು ತೀರಿಕೊಂಡಾಗ ಹದಿಮೂರರ ಅವಳನ್ನು ಅಕ್ಕ ಕರೆತಂದಿದ್ದಳು. ಭಾವ ಓದಿಸಿದ್ದ, ಕೆಲಸ ಕೊಟ್ಟಿದ್ದ. ಅದನ್ನು ದಿನಕ್ಕೊಮ್ಮೆ ನೆನಪಿಸಲೂ ಮರೆಯುತ್ತಿರಲಿಲ್ಲ! ಯಾವ ಬಸ್ಸು ಹತ್ತಬೇಕು, ಯಾರೊಡನೆ ಮಾತಾಡಬೇಕು, ಎಲ್ಲವೂ ಅವನ ಅಪ್ಪಣೆ. ಉಪಕಾರವನ್ನು ಸರಪಳಿಯಾಗಿ ಬಳಸುವವರು ತಮ್ಮನ್ನು ಧರ್ಮಾತ್ಮರೆಂದೇ ಭಾವಿಸಿಕೊಳ್ಳುವುದು ಈ ಲೋಕದ ದೊಡ್ಡ ಅನ್ಯಾಯ.

ಪ್ರತಿ ಭಾನುವಾರ ಬರತೊಡಗಿದ ಆ ಬೂಟಿನ ತರುಣನಿಗೆ ಸೆಂಟರಿನವರು 'ಮೀನು ಡಾಕ್ಟ್ರು' ಎಂದು ಹೆಸರಿಟ್ಟರು. ಸತ್ತ ಕಡಲ ಪ್ರಾಣಿಗಳ ಶ್ವಾಸಕೋಶದ ರೋಗ ಅವನ ಅಧ್ಯಯನ. ಮೊದಲು ಅವಳು ಚಿತ್ರ ತೆಗೆದು, ರೋಗ ಎಲ್ಲಿದೆಯೆಂದು ಬರೆದುಕೊಡುತ್ತಿದ್ದಳು; ಆಮೇಲೆ ಅವನು ಪ್ರಯೋಗಾಲಯದಲ್ಲಿ ಅದೇ ಜಾಗವನ್ನು ಕೊಯ್ದು ನೋಡುತ್ತಿದ್ದ.

"ಇಲ್ಲಿ ನೋಡಿ," ಎಂದು ಒಂದು ಭಾನುವಾರ ಪರದೆ ತೋರಿಸಿದ್ದ. "ಶ್ವಾಸನಾಳ ಎರಡಾಗಿ ಕವಲೊಡೆಯೋಕೆ ಮುಂಚೆನೇ ಬಲಗಡೆ ಒಂದು ಚಿಕ್ಕ ಕವಲು. ಎಡಗಡೆ ಇರಲ್ಲ."

"ಬಲಗಡೆ ಮೇಲೆ ಮಾತ್ರ ಯಾಕಂತೆ ಅಷ್ಟು ಪ್ರೀತಿ?"

"ಪ್ರೀತಿಗೆ ಯಾಕೆ ಅಂತ ಕೇಳಬಾರದು ಮೇಡಂ!"

ಅವಳು ಪರದೆಯತ್ತ ಮುಖ ತಿರುಗಿಸಿದಳು. ಕೆನ್ನೆ ಮಾತ್ರ ಬಿಸಿಯಾಗಿತ್ತು...

ಹೀಗೆ ಎಂಟು ಭಾನುವಾರಗಳು, ಎಂಟು ಡಾಲ್ಫಿನ್‌ಗಳು. ಒಂಬತ್ತನೆಯದು ಎಲ್ಲವನ್ನೂ ಕೆಡಿಸಿತು.

ಅಂದು ಭಾವ ಬೆನ್ನ ಹಿಂದೆಯೇ ನಿಂತು ಅವಸರಪಡಿಸುತ್ತಿದ್ದ. "ಬೇಗ ಮುಗ್ಸು! ಆ ಮೀನು ಡಾಕ್ಟ್ರ ಜೊತೆ ಹರಟೆ ಹೊಡೆಯೋಕೆ ನಿನ್ನ ಇಟ್ಕೊಂಡಿಲ್ಲ." ಅವಳು ಚಿತ್ರ ತೆಗೆದು, 'ಎಡ ಶ್ವಾಸಕೋಶದಲ್ಲಿ ಗಂಟು, ಹುಳುಗಳ ಶಂಕೆ' ಎಂದು ಬರೆದುಕೊಟ್ಟಳು.

ಶುಕ್ರವಾರ ಮೀನು ಡಾಕ್ಟ್ರ ವರದಿ ಬಂತು. 'ಎಡ ಶ್ವಾಸಕೋಶ ಆರೋಗ್ಯವಾಗಿದೆ. ಚಿತ್ರದಲ್ಲಿ ಕಂಡದ್ದು ದೇಹದಲ್ಲಿಲ್ಲ.'

ಅವಳ ಕಣ್ಣು ತುಂಬಿತು. ನನ್ನನ್ನೊಂದು ಮಾತು ಕೇಳದೆ ಹೀಗೆ ಬರೆದರೇ? ಇಷ್ಟೇನಾ ನನ್ನ ಮೇಲಿನ ವಿಶ್ವಾಸ?

ಫೋನಿನಲ್ಲಿ ಅವನ ದನಿಯೂ ತಣ್ಣಗಿತ್ತು. "ಕಂಡದ್ದನ್ನ ಬರೆದಿದ್ದೀನಿ ಮೇಡಂ. ಚಿತ್ರ ನಂಬೋ ಹಾಗಿಲ್ಲ ಅಂತ, ಈ ಕೆಲಸಕ್ಕೆ ದುಡ್ಡು ಕೊಡೋ ಸಮಿತಿಯವರು ಅಧ್ಯಯನವನ್ನೇ ನಿಲ್ಲಿಸ್ತಾರಂತೆ. ಉಳಿದ ಅಂಗಗಳನ್ನ ಮಂಗಳವಾರ ಮಧ್ಯಾಹ್ನ ಸುಡೋಕೆ ಕಳಿಸ್ತೀವಿ."

ಸೋಮವಾರ ಅವಳು ಹಟದಿಂದ ಚಿತ್ರಗಳನ್ನು ಮತ್ತೆ ತೆರೆದಳು. ಒಂದೊಂದಾಗಿ ಸರಿಸುತ್ತ ಹೋದವಳ ಬೆರಳು ತಟ್ಟನೆ ನಿಂತಿತು. ಬಲಗಡೆ ಇರಬೇಕಾದ ಆ ಚಿಕ್ಕ ಕವಲು ಪರದೆಯಲ್ಲಿ ಎಡಗಡೆ ಇತ್ತು!

ಅಯ್ಯೋ ದೇವರೇ...

ಮನುಷ್ಯರು ಅಂಗಾತ ಮಲಗುತ್ತಾರೆ. ಡಾಲ್ಫಿನ್ ಅನ್ನು ಬೋರಲು ಮಲಗಿಸುತ್ತಾರೆ. ಅದನ್ನು ಯಂತ್ರಕ್ಕೆ ಪ್ರತಿ ಸಲವೂ ತಿಳಿಸಬೇಕು. ಆ ದಿನದ ಗಡಿಬಿಡಿಯಲ್ಲಿ ಅವಳು ಹಿಂದಿನ ರೋಗಿಯ 'ಅಂಗಾತ'ವನ್ನು ಬದಲಿಸಿರಲಿಲ್ಲ. ಎಡ ಬಲವಾಗಿತ್ತು, ಬಲ ಎಡವಾಗಿತ್ತು. ರೋಗವಿದ್ದದ್ದು ಬಲ ಶ್ವಾಸಕೋಶದಲ್ಲಿ. ನಾಳೆ ಸುಡಲಿರುವುದು ಅದನ್ನೇ!

ಆ ಸಂಜೆ ಅವಳು ಭಾವನಿಗೆ ಎಲ್ಲವನ್ನೂ ಹೇಳಿದಳು. ಅವನು ವರದಿ ಬಂದ ದಿನವೇ ಟೈಪು ಮಾಡಿಸಿಟ್ಟಿದ್ದ ಪತ್ರವನ್ನು ಮುಂದಿಟ್ಟ.

"ನಮ್ಮ ಚಿತ್ರ ಸರಿಯಾಗಿದೆ, ಡಾಕ್ಟ್ರೇ ಬೇರೆ ಪ್ರಾಣಿ ಕೊಯ್ದಿದ್ದಾರೆ ಅಂತ ಸಮಿತಿಗೆ ಬರೆಸಿದ್ದೀನಿ. ಸಹಿ ಹಾಕು."

"ಸುಳ್ಳು ಭಾವ ಅದು!"

"ಎಡ ಬಲ ಗೊತ್ತಿಲ್ಲದ ಸೆಂಟರಿಗೆ ನಾಳೆ ಯಾವ ರೋಗಿ ಬರ್ತಾನೆ? ಸಹಿ ಹಾಕಿದ್ರೆ ಈ ಮನೇಲಿ ಇರ್ತೀಯ. ಇಲ್ಲಾಂದ್ರೆ ಬಾಗಿಲು ಅಲ್ಲಿದೆ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪುಟ್ಟಿ, ಹಾಕಿಬಿಡೇ... ಸತ್ತ ಪ್ರಾಣಿಗೋಸ್ಕರ ಬದುಕಿರೋರ ಮನೆ ಮುರೀಬೇಡ."

ಗೋಡೆಗಳು ನಾಲ್ಕೂ ಕಡೆಯಿಂದ ಒತ್ತಿ ಬಂದಂತಾಯಿತು. ಸಹಿ ಹಾಕಿದರೆ ಮೀನು ಡಾಕ್ಟ್ರ ಬದುಕು ಹಾಳು. ಹಾಕದಿದ್ದರೆ ತಲೆಯ ಮೇಲೆ ಸೂರಿಲ್ಲ. ಆದರೆ ಅನ್ನವಿಕ್ಕಿದ ಕೈಗೆ ಸುಳ್ಳನ್ನೂ ಉಣಿಸುವ ಅಧಿಕಾರವನ್ನು ಕೊಟ್ಟವರಾರು? ಅಂಜಿಕೆಯಿಂದ ಹಾಕಿದ ಸಹಿ ಕೃತಜ್ಞತೆಯಲ್ಲ, ದಾಸ್ಯ.

"ಬೆಳಿಗ್ಗೆ ಹೇಳ್ತೀನಿ," ಎಂದಳು ಅವಳು.

ರಾತ್ರಿಯಿಡೀ ಡಾಕ್ಟ್ರ ಫೋನು ಸಿಗಲಿಲ್ಲ. ಬೆಳಿಗ್ಗೆ ಅವಳು ಸಹಿಯಿಲ್ಲದ ಪತ್ರವನ್ನು ಮೇಜಿನ ಮೇಲೆಯೇ ಬಿಟ್ಟು, ಪ್ರಯೋಗಾಲಯದ ಕಡೆ ಹೊರಟ ಮೊದಲ ಬಸ್ಸು ಹತ್ತಿದಳು.

ಪ್ರಯೋಗಾಲಯದ ಹಿಂಬಾಗಿಲಲ್ಲಿ ಹಳದಿ ಚೀಲಗಳನ್ನು ವ್ಯಾನಿಗೆ ತುಂಬುತ್ತಿದ್ದರು. ಅವನು ಪಟ್ಟಿ ಹಿಡಿದು ನಿಂತಿದ್ದ.

"ನಿಲ್ಲಿಸಿ! ಒಂಬತ್ತನೇ ಡಾಲ್ಫಿನ್ ಬಲ ಶ್ವಾಸಕೋಶ... ಹೋಯ್ತಾ?"

"ಇದೇ ಚೀಲದಲ್ಲಿದೆ. ಯಾಕೆ ಮೇಡಂ? ಏನಾಯ್ತು?"

"ತಪ್ಪು ನಂದು!" ಅವಳು ಏದುಸಿರು ಬಿಡುತ್ತಿದ್ದಳು. "ಬೋರಲು ಅಂತ ಹಾಕೋದು ಮರೆತೆ. ಎಡ ಅಂತ ಬರೆದದ್ದು ಬಲ. ನಿಮ್ಮ ಮೇಲೇ ತಪ್ಪು ಹೊರಿಸೋ ಪತ್ರಕ್ಕೆ ಸಹಿ ಹಾಕು ಅಂದ್ರು ಭಾವ... ಹಾಕಲಿಲ್ಲ. ಬಂದೆ."

ಅವನು ಚೀಲವನ್ನು ವ್ಯಾನಿನಿಂದ ಇಳಿಸಿ, ಒಳಗೊಯ್ದು, ಕೈಗವಸು ತೊಟ್ಟು ಕತ್ತರಿ ಹಿಡಿದ. ಅವಳು ಹೇಳಿದ ಜಾಗದಲ್ಲೇ ಗಂಟು ಸಿಕ್ಕಿತು. ಕೊಯ್ದೊಡನೆ ಬಿಳಿ ದಾರದಂಥ ಹುಳುಗಳು ಸುರುಳಿಯಾಗಿ ಹೊರಬಂದವು.

"ಸಿಕ್ತು!" ಅವನು ತಟ್ಟನೆ ಅವಳತ್ತ ತಿರುಗಿದ. "ನಿಮ್ಮ ಚಿತ್ರ ಸುಳ್ಳಾಡಿರಲಿಲ್ಲ!"

"ನಾನು ತಪ್ಪಿದ್ದೆ. ಸಮಿತಿ ಮುಂದೆ ಬಂದು ನಾನೇ ಹೇಳ್ತೀನಿ."

ಅವಳ ಫೋನು ಬಡಿದುಕೊಂಡಿತು. ಭಾವ! ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವಳು ಅಂಜದೆ ಫೋನು ಎತ್ತಿದಳು.

"ಸಹಿ ಹಾಕಲ್ಲ ಭಾವ. ನೀವು ಓದಿಸಿದ್ದನ್ನ ಸಾಯೋವರೆಗೂ ಮರೆಯಲ್ಲ. ಓದಿದವಳು ಸುಳ್ಳು ಬರೀಬಾರದು, ಅದಕ್ಕೇ. ಸಂಜೆ ಬಟ್ಟೆ ತಗೊಂಡು ಹೋಗ್ತೀನಿ ಅಂತ ಅಕ್ಕನಿಗೆ ಹೇಳಿ."

"ಎಲ್ಲಿಗೆ ಹೋಗ್ತೀರಿ?" ಅವನು ಮೆಲ್ಲನೆ ಕೇಳಿದ.

"ಗೆಳತಿ ಹಾಸ್ಟೆಲ್ಲಿಗೆ. ಕೆಲಸ ಹುಡುಕ್ತೀನಿ. ನಿಮ್ಮ ಕರುಣೆ ಬೇಡ."

"ಕರುಣೆ ಅಲ್ಲ. ನಂದೂ ಒಂದು ತಪ್ಪಿದೆ, ಕೇಳಿ." ಅವನು ಕೈಗವಸು ಕಳಚಿದ. "ನಿಯಮದ ಪ್ರಕಾರ ಎರಡೂ ಶ್ವಾಸಕೋಶ ಕೊಯ್ದು ನೋಡಬೇಕು. ನಾನು ನೋಡಲಿಲ್ಲ. ನೀವು ಎಡ ಅಂದ್ರಿ... ಕಣ್ಣು ಮುಚ್ಚಿ ನಂಬಿಬಿಟ್ಟೆ."

"ಮತ್ತೆ ಅಷ್ಟು ಒಣ ವರದಿ?"

"ನಂಬಿದ್ದು ಸುಳ್ಳಾಯ್ತಲ್ಲ ಅನ್ನೋ ನೋವು. ಅದನ್ನ ವರದೀಲಿ ಹೇಗೆ ಬರೆಯೋದು?"

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

"ಕೆಲಸದಲ್ಲಿ ಇನ್ಮೇಲೆ ಹಾಗೆ ನಂಬಲ್ಲ," ಎಂದ ಅವನು. "ಬದುಕಿನಲ್ಲಿ... ನಂಬಬಹುದಾ?"

"ನಂಬಿ. ಆದ್ರೆ ಕಣ್ಣು ತೆರೆದುಕೊಂಡು."

"ತೆರೆದೇ ಇದೆ. ನಿಮ್ಮನ್ನೇ ನೋಡ್ತಿದ್ದೀನಿ."

"ಹಾಗಾದ್ರೆ ಮೊದಲು ಕೈ ತೊಳ್ಕೊಂಡು ಬನ್ನಿ ಡಾಕ್ಟ್ರೇ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ಆಮೇಲೆ ನನ್ನ ಕೈ ಹಿಡೀರಿ."